ಸ್ವಸಂತೋಷದಿಂದ ಬರೆದುಕೊಟ್ಟ ಹಾಜರಿ

ಗೋಕಾಕದ ವಕೀಲರ ಸಂಘದ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜೊಂದು ಖಾಲಿಯಾಗದಿದ್ದರೆ, ಆ ಎರಡನೇ ಶನಿವಾರ ರಾಜೇಶ್ವರಿ ತಲೆಗೆ ಎಣ್ಣೆ ಹಚ್ಚಿಕೊಂಡು ಮನೆಯಲ್ಲಿ ಆರಾಮಾಗಿ ಕೂತಿರುತ್ತಿದ್ದಳು.

ಆ ಮೇಜಿನ ವಕೀಲರು ನೋಟರಿಯಾಗಿ ಹುಕ್ಕೇರಿಗೆ ಹೋಗಿದ್ದರು. ಮೇಜಿನ ಮೇಲೆ ನೇರ ಫ್ಯಾನು, ಪಕ್ಕದಲ್ಲಿ ಬೇವಿನ ಮರದ ಗಾಳಿ, ಕೆಳಗೆ ಕೀಲಿ ಹಾಕುವಂಥ ಎರಡು ಖಾನೆ. ರಾಜೇಶ್ವರಿ ವಕೀಲಿ ಶುರುಮಾಡಿ ಆರು ವರ್ಷವಾಗಿದ್ದರೂ ತನ್ನದೆನ್ನುವ ಮೇಜು ಇರಲಿಲ್ಲ. ಕಕ್ಷಿದಾರರು ಬಂದರೆ, ಯಾರು ಕೋರ್ಟಿನ ಒಳಗೆ ಹೋಗಿದ್ದಾರೆಂದು ಕತ್ತು ಚಾಚಿ ನೋಡಿ, ಅವರ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು. ಬೆಳಿಗ್ಗೆ ಒಂದು ಮೇಜು, ಮಧ್ಯಾಹ್ನ ಇನ್ನೊಂದು. ಒಬ್ಬ ಕಕ್ಷಿದಾರ ಇದನ್ನು ಎರಡು ದಿನ ನೋಡಿ, "ಅಕ್ಕಾರ, ನೀವು ಖರೇನ ವಕೀಲರೇನ್ರಿ, ಇಲ್ಲಾ ಯಾರದರ ಬದಲಿ ಬಂದೀರಿ?" ಎಂದು ಕೇಳಿ, ತನ್ನ ಕಾಗದಪತ್ರ ಎತ್ತಿಕೊಂಡು ಹೋಗಿಯೇಬಿಟ್ಟ. ಅಂದಿನಿಂದ ಅವಳಿಗೆ ಕನಸಿನಲ್ಲೂ ಮೇಜು ಕಾಣುತ್ತಿತ್ತು.

ಅದೇ ವಾರ ಸಂಘದ ಅಧ್ಯಕ್ಷ ಗುರುಲಿಂಗಪ್ಪನವರು ಕಾನೂನು ಅರಿವು ಸಮಿತಿ ಮಾಡಬೇಕೆಂದು ಸಭೆ ಕರೆದರು. ಹಳ್ಳಿಗೆ ಹೋಗಿ ಜನರಿಗೆ ಕಾಯಿದೆ ತಿಳಿಸುವ ಪುಕ್ಕಟೆ ಸೇವೆ. "ಸಮಿತಿ ಯಾರ ನಡಸ್ತೀರಿ?" ಎಂದದ್ದೇ ತಡ, ಉಳಿದ ನಲವತ್ತು ಮಂದಿ ವಕೀಲರೂ ಕೋರ್ಟಿನ ರೂಢಿಯಂತೆ ಮುಂದಿನ ತಾರೀಖಿಗೆ ಮುದ್ದತ್ತು ಕೇಳಿದರು. ರಾಜೇಶ್ವರಿ ಮಾತ್ರ ಖಾಲಿ ಮೇಜನ್ನು ನೋಡುತ್ತಿದ್ದಳು.

"ಆ ಮೇಜು ಬೇಕೇನ್ರಿ ರಾಜೇಶ್ವರಿಯವರ?" ಅಧ್ಯಕ್ಷರು ಅವಳ ದೃಷ್ಟಿಯನ್ನು ಹಿಡಿದುಬಿಟ್ಟರು. "ಹಂಗಾರ ಮಮದಾಪುರದಾಗ ಒಂದು ಶಿಬಿರ ಮಾಡಿ ತೋರಸ್ರಿ. ಐವತ್ತು ಮಂದಿ ಬಂದಿದ್ರು ಅನ್ನಾಕ ಐವತ್ತು ಸಹಿ ತರ್ರಿ. ಶನಿವಾರ ನಾಕ ಗಂಟೇಕ ನಾ ಇಲ್ಲೇ ಕುಂತಿರತೇನಿ. ನಿಮ್ಮ ಸಹಿ ಈ ಕೈಯಾಗ, ಖಾನೆ ಕೀಲಿಕೈ ಈ ಕೈಯಾಗ."

ಸಮಿತಿಗೆ ಇನ್ನಿಬ್ಬರು ಸಿಕ್ಕರು. ಭಾಷಣಕ್ಕೆ ಅಪ್ಪಣ್ಣ ವಕೀಲರು. ಅವರು ಮೈಕು ಕಂಡರೆ ಊಟ ಬಿಡುವವರು. ಫೋಟೋಕ್ಕೆ ಕಿರಿಯ ವಕೀಲ ಶಿದ್ರಾಮ, ಅವನು ಊಟ ಇದೆಯೆಂದರೆ ಎಲ್ಲಿಗೂ ಬರುವವನು. ರಾಜೇಶ್ವರಿ ಎಲ್ಲವನ್ನೂ ಎರಡೆರಡು ಸಲ ಎಣಿಸಿ ಚೀಲಕ್ಕೆ ಹಾಕಿದಳು: ಐದು ಪೆನ್ನು, ಹೆಬ್ಬೆಟ್ಟಿಗೆ ಎರಡು ಶಾಯಿ ಡಬ್ಬಿ, ಒಂದು ದೊಡ್ಡ ಡಬ್ಬಿ ಕರದಂಟು. ಹಾಜರಿ ವಹಿಯ ತಲೆಬರಹ ಟೈಪು ಮಾಡಿಸುವ ಕೆಲಸವನ್ನಷ್ಟೇ ಶಿದ್ರಾಮನಿಗೆ ಬಿಟ್ಟಳು. ಒಂದು ಸಾಲು, ಅದರಲ್ಲಿ ತಪ್ಪುವುದೇನಿದೆ?

ಶನಿವಾರ ಹತ್ತೂವರೆಗೆ ಮೂರು ಕರಿಕೋಟು ಹೊತ್ತ ಕಾರು ಮಮದಾಪುರದ ಬೀರಪ್ಪನ ಗುಡಿಯ ಮುಂದೆ ನಿಂತಿತು. ನಿಂತದ್ದೇ ತಡ, ಓಣಿಯ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು.

"ಯಾರ ಮನಿ ಜಪ್ತಿ ಮಾಡಾಕ ಬಂದೀರ್ರಿ?" ಒಂದು ಬಾಗಿಲ ಸಂದಿಯಿಂದ ಮುದುಕಿ ರಾಯವ್ವ ಕೇಳಿದಳು.

"ಜಪ್ತಿ ಅಲ್ಲವಾ, ಕಾಯಿದೆ ಹೇಳಾಕ ಬಂದೇವಿ. ಪುಕ್ಕಟೆ!" ಎಂದಳು ರಾಜೇಶ್ವರಿ.

ಪುಕ್ಕಟೆ ಎಂದ ಮೇಲೆ ಬಾಗಿಲು ಇನ್ನೂ ಗಟ್ಟಿಯಾಗಿ ಮುಚ್ಚಿತು.

"ಸರ, ಕೋಟು ತಗೀರಿ. ಮಂದಿ ಅಂಜಾಕತ್ತಾರ," ಎಂದು ಅವಳು ಅಪ್ಪಣ್ಣ ವಕೀಲರನ್ನು ಬೇಡಿಕೊಂಡಳು.

"ತಂಗಿ, ಕೋಟ ಇಲ್ಲದ ನಾ ಮಾತಾಡಿದ್ರ ನನ್ನ ಮನ್ಯಾಗೂ ಕೇಳೂದಿಲ್ಲ."

ಕೊನೆಗೆ ಊರನ್ನು ಹೊರಗೆ ತಂದದ್ದು ಶಿಬಿರಕ್ಕೆಂದು ಗುಡಿಯ ಹಿಂದೆ ಮಾಡಿಸುತ್ತಿದ್ದ ಶಿರಾ, ಉಪ್ಪಿಟ್ಟಿನ ವಾಸನೆ. ಅರ್ಧ ತಾಸಿನಲ್ಲಿ ಗುಡಿಯ ಮುಂದೆ ಜಾಗವಿಲ್ಲ. ರಾಜೇಶ್ವರಿ ಎಣಿಸಿದಳು: ಎಪ್ಪತ್ತೊಂದು. ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಿದ್ದವನನ್ನು ಬಿಟ್ಟರೂ ಎಪ್ಪತ್ತು. ಬಂದವರಲ್ಲಿ ನಾಲ್ವರು ತಟ್ಟೆ ಹಿಡಿದ ಕೈಯಲ್ಲೇ ಶಿದ್ರಾಮ ಚಾಚಿದ ವಹಿಗೆ ಸಹಿಯನ್ನೂ ಗೀಚಿ ಕೂತರು. ಉಳಿದವರದ್ದು ಭಾಷಣವಾದ ಮೇಲೆ ನಿಧಾನವಾಗಿ ತೆಗೆದುಕೊಳ್ಳೋಣ ಎಂದು ಅವಳು ಬಹಳ ದಿನಗಳ ಮೇಲೆ ನಿರಾಳವಾಗಿ ಉಸಿರು ಬಿಟ್ಟಳು.

ಅಪ್ಪಣ್ಣ ವಕೀಲರು ಮೈಕು ಹಿಡಿದರು. ಅಂದು ಅವರ ಬಾಯಲ್ಲಿ ಏನು ಕೂತಿತ್ತೋ, ಅಷ್ಟು ಚಂದ ಅವರು ಎಂದೂ ಮಾತಾಡಿರಲಿಲ್ಲ.

"ಸ್ವಾಮಿ ಬಂದು ಕೇಳ್ಲಿ, ಸಾಹೇಬ ಬಂದು ಕೇಳ್ಲಿ, ಸ್ವಂತ ಅಳಿಯ ಬಂದು ಕಾಲ ಹಿಡದ ಕೇಳ್ಲಿ, ಓದದ ಕಾಗದಕ್ಕ ಸಹಿ ಮಾಡಬ್ಯಾಡ್ರಿ! ಹೆಬ್ಬಟ್ಟ ಒತ್ತಬ್ಯಾಡ್ರಿ!"

"ವಕೀಲರು ಕೇಳಿದ್ರ?" ಹಿಂದಿನಿಂದ ಸಿದ್ರಾಯ ಎಂಬ ರೈತ ಕೂಗಿದ.

"ವಕೀಲರು ಕೇಳಿದ್ರ ಎರಡ ಸಲ ಓದಸ್ರಿ!"

ಜನ ಬಿದ್ದುಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. ರಾಜೇಶ್ವರಿಯೂ ತಟ್ಟಿದಳು. ಎರಡನೆಯ ಚಪ್ಪಾಳೆಗೆ ಅವಳ ಕೈ ಗಾಳಿಯಲ್ಲೇ ನಿಂತಿತು. ಭಾಷಣ ಎತ್ತ ಸಾಗುತ್ತಿದೆಯೆಂದು ಆಗ ಹೊಳೆಯಿತು. ಆದರೆ ಅಪ್ಪಣ್ಣ ವಕೀಲರನ್ನು ನಿಲ್ಲಿಸುವುದು ಘಟಪ್ರಭೆಯ ಹೊಳೆಗೆ ಕೊಡೆ ಅಡ್ಡ ಹಿಡಿದಂತೆ. ಇನ್ನೂ ಒಂದು ತಾಸು ಅವರು ಸಹಿ ಮಾಡಿ ಹಾಳಾದವರ ಕತೆ ಹೇಳಿದರು.

ಭಾಷಣ ಮುಗಿದಾಗ ಅವಳು ವಹಿ ಹಿಡಿದು ಎದ್ದಳು. "ಎಲ್ಲಾರೂ ಒಂದೊಂದು ಸಹಿ ಮಾಡಿ ಹೋಗ್ರೆಪಾ."

ಎಪ್ಪತ್ತು ಕೈಗಳು ಒಟ್ಟಿಗೇ ಬೆನ್ನ ಹಿಂದೆ ಹೋದವು.

"ಓದ್ರಿ ನೋಡೋಣ," ಎಂದಳು ರಾಯವ್ವ.

"ಯವ್ವಾ, ಇದು ಅಂಥಾ ಕಾಗದ ಅಲ್ಲ. ಬರೇ ಹಾಜರಿ."

"ಹಾಜರಿ ಆದ್ರೂ ಓದ್ರಿ. ಈಗ ತಾನ ಹೇಳ್ಯಾರಲ್ಲ."

ರಾಜೇಶ್ವರಿ ವಹಿ ತೆರೆದು ತಲೆಬರಹವನ್ನು ಮೊದಲ ಸಲ ನೋಡಿದಳು. ಶಿದ್ರಾಮ ಅದನ್ನು ಟೈಪು ಮಾಡಿಸಿದ್ದು ಕೋರ್ಟಿನ ಎದುರಿನ ಅಂಗಡಿಯಲ್ಲಿ. ಮೂವತ್ತು ವರ್ಷ ಬರೀ ಖರೇದಿ ಪತ್ರ ಹೊಡೆದ ಆ ಟೈಪಿಸ್ಟನ ಬೆರಳು ತಾವಾಗಿಯೇ ಓಡಿದ್ದವು. ಸುಮ್ಮನೆ ಬೇರೇನಾದರೂ ಓದಿಬಿಡೋಣ ಎಂದುಕೊಂಡಳು. ಆದರೆ ಸಿದ್ರಾಯ ಅವಳ ಹೆಗಲ ಹಿಂದೆ ನಿಂತು ಅವಳಿಗಿಂತ ಮೊದಲೇ ಗಟ್ಟಿಯಾಗಿ ಓದತೊಡಗಿದ್ದ.

"ನಾವು ಕೆಳಗೆ ಸಹಿ ಮಾಡಿದವರು, ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಬುದ್ಧಿಯಿಂದ, ಸ್ವಸಂತೋಷದಿಂದ ಬರೆದುಕೊಟ್ಟ ಹಾಜರಿ ಪತ್ರ."

"ಬರಕೊಟ್ಟ?" ಗುಂಪಿನಲ್ಲಿ ಗುಜುಗುಜು ಎದ್ದಿತು. "ಏನ್ ಬರಕೊಟ್ವಿ? ಯಾರಿಗೆ ಬರಕೊಟ್ವಿ?"

"ನಮ್ಮ ಮಾವ ಹಿಂಗ ಸ್ವಸಂತೋಷದಿಂದ ಬರಕೊಟ್ಟಿದ್ದ," ರಾಯವ್ವ ಸೆರಗು ಸರಿಮಾಡಿಕೊಂಡಳು. "ಮೂರ ಎಕರೆ ಹೋತು. ಆಮ್ಯಾಲ ಸಾಯೂತನಕ ಅವಗ ಸಂತೋಷ ಅನ್ನೂದ ಇರಲಿಲ್ಲ."

ರಾಜೇಶ್ವರಿ ಗಡಬಡಿಸಿ ಇಡೀ ಸಾಲು ಹೊಡೆದುಹಾಕಿ, ಮೇಲೆ 'ಹಾಜರಿ' ಎಂದಷ್ಟೇ ಬರೆದಳು.

"ಹೊಡದ ಹಾಕಿದ್ರ ಬಾಜೂಕ ಸಣ್ಣ ಸಹಿ ಮಾಡಬೇಕಂತಲ್ರಿ?" ಎಂದ ಸಿದ್ರಾಯ. ಅದನ್ನೂ ಅಪ್ಪಣ್ಣ ವಕೀಲರೇ ಕಲಿಸಿದ್ದರು. ಅವಳು ಸಣ್ಣ ಸಹಿ ಮಾಡಿದಳು.

"ಕೆಳಗ ಇಷ್ಟ ಜಾಗಾ ಖಾಲಿ ಬಿಟ್ಟೀರಿ. ನಾವು ಹೋದ ಮ್ಯಾಲ ಏನರ ಬರಕೊಂಡ್ರ?"

"ಅಪ್ಪಾ, ಅದು ನಿಮ್ಮ ಸಹಿಗೆ ಬಿಟ್ಟ ಜಾಗಾ!"

"ಹೌದ್ರಿ, ಆದ್ರ ನಮ್ಮೆಲ್ಲಾರ ಸಹಿ ಆದ ಮ್ಯಾಲೂ ಜಾಗಾ ಉಳೀತೈತಿ. ಅದಕ್ಕೊಂದು ಗೀಟು ಹೊಡೀರಿ. ಬಾಜೂಕ ಸಣ್ಣ ಸಹಿ ಮಾಡ್ರಿ."

ಗೀಟು ಹೊಡೆದಳು. ಸಹಿ ಮಾಡಿದಳು. ಹಿಂದಿನ ಪುಟಕ್ಕೂ ಹೊಡೆದಳು. ರಟ್ಟಿನ ಒಳಬದಿಗೂ ಹೊಡೆಸಿದರು.

ಇಷ್ಟಾಗಿಯೂ ಪೆನ್ನು ಯಾರೂ ಮುಟ್ಟಲಿಲ್ಲ. ಆಗ ಶಿದ್ರಾಮನಿಗೆ ಬುದ್ಧಿ ಓಡಿತು. ಕರದಂಟಿನ ಡಬ್ಬಿ ತೆರೆದು, "ಬರ್ರಿ ಬರ್ರಿ, ಒಂದ್ ಸಹಿಗೆ ಒಂದ್ ತುಂಡು!" ಎಂದು ಸಂತೆಯವನಂತೆ ಕೂಗಿದ.

"ನೋಡ್ರೆವಾ, ಖರೇ ಆತು!" ರಾಯವ್ವ ಎದ್ದೇ ನಿಂತಳು. "ಆಸೆ ತೋರಿಸಿ ಸಹಿ ಹಾಕಿಸ್ಕೊಂತಾರ ಅಂತ ಹೇಳಿದ್ರಲ್ಲ, ಕರೆಕ್ಟ ಹಂಗ ಮಾಡಾಕತ್ತಾರ!"

ರಾಜೇಶ್ವರಿ ಅಳುವುದೊಂದು ಬಾಕಿ. "ಸರ, ನೀವರ ಒಂದ್ ಮಾತು ಹೇಳ್ರಿ. ಹಾಜರಿ ವಹಿಯಿಂದ ಏನೂ ಆಗೂದಿಲ್ಲಂತ ಹೇಳ್ರಿ," ಎಂದು ಅಪ್ಪಣ್ಣ ವಕೀಲರ ಕೈಗೆ ತಾನೇ ಮೈಕು ಕೊಟ್ಟಳು. ಇಡೀ ದಿನದಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಅದೇ.

"ಹಾಜರಿ ವಹಿ!" ಮೈಕು ಸಿಕ್ಕೊಡನೆ ಅವರ ಮುಖ ಅರಳಿತು. "ಭಾಳ ಚಲೋ ವಿಷಯ. ಹಾಜರಿ ಅಂತ ಹೇಳಿ ಸಹಿ ತಗೊಂಡು ಇಡೀ ಹೊಲಾನ ಬರಸ್ಕೊಂಡ ಕೇಸು ನಾನ ನಡಿಸೇನಿ. ಹದಿನೆಂಟ ವರ್ಷ!"

ಬೆಳಿಗ್ಗೆ ಸಹಿ ಮಾಡಿದ್ದ ನಾಲ್ವರೂ ಸಾಲುಹಚ್ಚಿ ಬಂದು, "ಅಕ್ಕಾರ, ನಮ್ಮದು ಹೊಡದ ಹಾಕ್ರಿ," ಎಂದರು. ಬಾಜೂಕ ಸಣ್ಣ ಸಹಿಯನ್ನೂ ಮಾಡಿಸಿದರು. ನಾಲ್ಕಿದ್ದದ್ದು ಸೊನ್ನೆಯಾಯಿತು.

ಊರವರಿಗೆ ಸಿಟ್ಟೇನೂ ಇರಲಿಲ್ಲ. ರಾಯವ್ವ ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣಿಸಿ, ನಾಲ್ಕು ರೊಟ್ಟಿ ಕಟ್ಟಿಯೂ ಕೊಟ್ಟಳು. "ಬ್ಯಾಸರ ಮಾಡ್ಕೊಬ್ಯಾಡ್ರಿ ಅಕ್ಕಾರ. ನಿಮ್ಮ ಮ್ಯಾಲ ನಮಗ ನಂಬಿಗಿ ಐತಿ. ಕಾಗದದ ಮ್ಯಾಲ ಇಲ್ಲ."

ಕಾರು ಗೋಕಾಕದ ದಾರಿ ಹಿಡಿಯಿತು. "ಐವತ್ತ ಸಹಿ ಏನ್ ದೊಡ್ಡ ಮಾತ್ರಿ?" ಎಂದ ಶಿದ್ರಾಮ, ಕರದಂಟು ಜಗಿಯುತ್ತ. "ಇಪ್ಪತ್ತೈದು ನಾ ಬಲಗೈಲೆ ಮಾಡತೇನಿ, ಇಪ್ಪತ್ತೈದು ಎಡಗೈಲೆ."

"ಸುಮ್ಮ ಕುಂಡ್ರಪಾ. ಅದಕ್ಕ ಎಷ್ಟ ವರ್ಷ ಶಿಕ್ಷೆ ಅಂತ ಸರ ಈಗ ತಾನ ಹೇಳಿ ಬಂದಾರ. ಫೋಟೋ ತೋರಸು, ಮಂದಿ ಕಾಣಸ್ತಾರೇನು?"

ಮೂವತ್ತೆರಡು ಫೋಟೋಗಳಿದ್ದವು. ಮೂವತ್ತೆರಡರಲ್ಲೂ ಅಪ್ಪಣ್ಣ ವಕೀಲರ ಬಾಯಿ ಇತ್ತು.

ನಾಲ್ಕಕ್ಕೆ ಸರಿಯಾಗಿ ಗುರುಲಿಂಗಪ್ಪನವರು ಕೀಲಿಕೈ ತಿರುಗಿಸುತ್ತ ಕೂತಿದ್ದರು. ರಜೆಯಾದರೂ ಕೇರಂ ಆಡಲು ಬಂದ ಹತ್ತು ಮಂದಿ ವಕೀಲರು ಸುತ್ತ ಸೇರಿದರು. ಅಧ್ಯಕ್ಷರು ವಹಿಯ ಹಾಳೆಗಳನ್ನು ಮುಂದೆ ತಿರುವಿದರು, ಹಿಂದೆ ತಿರುವಿದರು, ಕನ್ನಡಕ ಒರೆಸಿಕೊಂಡರು.

"ಏನ್ರಿ ಇದು? ಇದರಾಗಿನ ಸಹಿ ಎಲ್ಲಾ ನಿಮ್ಮದ ಅದಾವಲ್ಲ!"

ಕೋಣೆ ತುಂಬ ನಗೆ. ರಾಜೇಶ್ವರಿಯ ಕಿವಿ ಕೆಂಪಾದವು. ಅವಳ ಕಣ್ಣು ಕಿಟಕಿಯ ಕಡೆ ಹೋಯಿತು. ಮೇಜು ಅಲ್ಲೇ ಇತ್ತು, ಅದರ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಆರು ವರ್ಷ "ಮುದ್ದತ್ತು ಕೊಡ್ರಿ ಸಾಹೇಬ್ರ" ಎನ್ನುವುದನ್ನು ಬಿಟ್ಟು ಹೆಚ್ಚು ಮಾತಾಡದಿದ್ದ ಅವಳೊಳಗೆ ಏನೋ ಕಡಿದುಕೊಂಡಿತು.

"ಸರ, ಎಪ್ಪತ್ತ ಮಂದಿಗೆ ನಾವು ಏನ್ ಕಲಿಸಾಕ ಹೋಗಿದ್ವಿ?"

"ಕಾಯಿದೆ."

"ಓದದ ಸಹಿ ಮಾಡಬ್ಯಾಡ್ರಿ, ವಕೀಲರು ಕೇಳಿದ್ರೂ ಮಾಡಬ್ಯಾಡ್ರಿ ಅಂತ ಕಲಿಸಿದ್ವಿ. ಆಮ್ಯಾಲ ನಾನ ವಕೀಲ ಆಗಿ ಹೋಗಿ ಸಹಿ ಕೇಳಿದೆ. ಐವತ್ತ ಮಂದಿ ಮಾಡಿದ್ದರ ಏನ್ ಅರ್ಥ, ಸರ? ಐವತ್ತ ಮಂದಿಗೆ ಒಂದ ಅಕ್ಷರನೂ ತಲಿಗೆ ಹೋಗಿಲ್ಲಂತ ಅರ್ಥ. ಒಬ್ಬರೂ ಮಾಡಲಿಲ್ಲ. ನೋಡ್ರಿ, ಮಾಡಿದ ನಾಕ ಮಂದೀನೂ ತಿಳದ ಮ್ಯಾಲ ಹೊಡಿಸ್ಯಾರ. ಈ ಖಾಲಿ ವಹಿಗಿಂತ ದೊಡ್ಡ ಸಾಕ್ಷಿ ಯಾವುದೈತಿ?"

ಗುರುಲಿಂಗಪ್ಪನವರು ವಹಿ ಮುಚ್ಚಿ ಮೇಜು ಗುದ್ದಿದರು.

"ಒಪ್ಪಿದೆ! ಶಿಬಿರ ನೂರಕ್ಕ ನೂರು ಯಶಸ್ವಿ!"

ವಕೀಲರೆಲ್ಲ ಚಪ್ಪಾಳೆ ತಟ್ಟಿದರು. ರಾಜೇಶ್ವರಿ ಹೋಗಿ ಕಿಟಕಿ ಪಕ್ಕದ ಮೇಜಿನ ಕುರ್ಚಿಯಲ್ಲಿ ಕೂತಳು. ತುದಿಯಲ್ಲಲ್ಲ, ಬೆನ್ನು ಒರಗಿಸಿ, ಪೂರ್ತಿಯಾಗಿ. ಯಾರೋ ಫ್ಯಾನು ಹಾಕಿದರು.

ಅಷ್ಟರಲ್ಲಿ ಅಧ್ಯಕ್ಷರು ಮೂಡಲಗಿಯ ವಕೀಲರ ಸಂಘಕ್ಕೆ ಫೋನು ಹಚ್ಚಿದ್ದರು. "ಏನಂತ ಹೇಳಲ್ರಿ, ಒಬ್ಬರೂ ಸಹಿ ಮಾಡಲಿಲ್ಲ! ಅಂಥಾ ಕಲಿಸೂಣಕಿ! ಬೇಕೇನ್ರಿ ನಿಮಗೂ? ಕಳಸೋಣಂತ." ಆಮೇಲೆ ಹುಕ್ಕೇರಿಗೆ. ಆಮೇಲೆ ಒಂದು ಹಾಳೆಯ ಮೇಲೆ ಚಕಚಕ ಬರೆದರು.

"ರಾಜೇಶ್ವರಿಯವರ, ಇಂಥಾ ಮುಂದಾಳು ಮೂರೂ ತಾಲೂಕಿನಾಗ ಇಲ್ಲ. ಮಂಗಳವಾರ ತುಕ್ಕಾನಟ್ಟಿ, ಗುರುವಾರ ಸಂಕೇಶ್ವರ, ಶನಿವಾರ ನಮ್ಮ ಹಳ್ಳಿಗೋಳು. ಒಂದ ವರ್ಷ ನೀವ ಸಮಿತಿ ನಡಸಬೇಕು. ಸೇವಾ, ಪುಕ್ಕಟೆ."

"ಸರ, ಮತ್ತ ಆ ಕೀಲಿಕೈ?"

"ನಿಮಗ್ಯಾಕ್ರಿ ಕೀಲಿಕೈ? ನಿಮ್ಮಂಗ ವಾದ ಮಾಡೋರು ಒಂದ ಕೋಣ್ಯಾಗ ಕುಂತ್ರ ಜನರಿಗೆ ಎಷ್ಟ ನಷ್ಟ! ವಾರದಾಗ ಅರ್ಧಾ ದಿನ ಊರೂರು ತಿರಗೋರು ನೀವು. ಮೇಜು ಧೂಳು ಹಿಡೀತೈತಿ." ಅವರು ಸುತ್ತ ನೋಡಿದರು. "ದಿನಾ ಇಲ್ಲೇ ಇರೋರು ಯಾರ್ರಿ?"

ಶಿದ್ರಾಮ ಕರದಂಟಿನ ಕೈಯನ್ನು ಕೋಟಿಗೆ ಒರೆಸಿಕೊಂಡು ಮುಂದೆ ಬಂದ. ಕೀಲಿಕೈ ತೆಗೆದುಕೊಂಡ. ಕಿಟಕಿಯ ಬಳಿ ಬಂದು ಬಹಳ ಮರ್ಯಾದೆಯಿಂದ ನಿಂತ.

"ಅಕ್ಕಾರ," ಎಂದ. "ಸ್ವಲ್ಪ ಏಳ್ತೀರೇನ್ರಿ?"