ವಿಭೂತಿ ಹಚ್ಚಿಕೊಂಡ ಎಂಜಿನ್

ಮಾನ್ಯ ಓದುಗರೇ, ಮೊದಲಿಗೇ ತಮ್ಮ ಕ್ಷಮೆ ಕೋರುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಅಲ್ಪಪ್ರಾಣ, ಮಹಾಪ್ರಾಣಗಳ ವಿಷಯದಲ್ಲಿ ಶಾಲೆಯ ಕಾಲದಿಂದಲೂ ನನಗೆ ನನ್ನ ಮೇಲೆ ಭರವಸೆಯಿಲ್ಲ. ಬೈಲಹೊಂಗಲದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಈವರೆಗೆ ಬರೆದಿರುವುದೆಲ್ಲ ಕಚೇರಿ ಪತ್ರಗಳೇ. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭಿಸದಿದ್ದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಮಾವನವರ ಎಂಜಿನ್ನಿನ ಕುರಿತು ಕೆಲವು ಸಂಗತಿಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

ಮುನವಳ್ಳಿಯ ನನ್ನ ಮಾವನವರು, ಅಂದರೆ ನನ್ನ ಹೆಂಡತಿ ಶೈಲಾಳ ತಂದೆ, ಹರೆಯದಲ್ಲಿ ಸೈನ್ಯದ ಅಡುಗೆಮನೆಯಲ್ಲಿ ಕೆಲಸ ಮಾಡಿದವರು. ಊರಿಗೆ ಮರಳುವಾಗ ಟ್ರಂಕಿನಲ್ಲಿ ಮುಷ್ಟಿಗಾತ್ರದ ಒಂದು ಲೋಹದ ಯಂತ್ರವನ್ನು ತಂದರು. “ಇದು ವಿಮಾನದ ಎಂಜಿನ್. ನಾನೂ ವಿಮಾನ ಹಾರಿಸೇನಿ” ಎಂದರು. ಅಂದಿನಿಂದ ಬಂಧುಬಳಗಕ್ಕೆ ನಗಲು ಬೇರೆ ಕಾರಣವೇ ಬೇಕಾಗಲಿಲ್ಲ. ಅದರಲ್ಲೂ ಕಟಕೋಳದಲ್ಲಿರುವ ಅವರ ಷಡ್ಡಕ ಬಸಣ್ಣನವರು ಯಾವ ಮದುವೆಯ ಪಂಕ್ತಿಯಲ್ಲಿ ಸಿಕ್ಕರೂ, “ಪೈಲಟ್ ಸಾಹೇಬ್ರ, ಸಾರು ಮ್ಯಾಲಿಂದ ಸುರುವತಿದ್ರ್ಯೋ, ಕೆಳಗ ಇಳದು ಬಡಸತಿದ್ರ್ಯೋ?” ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸುವರು. ಮಾವನವರು ಮಾತ್ರ ಪ್ರತಿ ಖಂಡೇನವಮಿಗೆ ಕುಡಗೋಲು, ಕೊಡಲಿ, ಔಷಧ ಹೊಡೆಯುವ ಪಂಪುಗಳ ಸಾಲಿನಲ್ಲಿ ಸದರಿ ಎಂಜಿನ್ನನ್ನೂ ಇಟ್ಟು, ವಿಭೂತಿ, ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರು. ಹಿಂದಿನ ವರ್ಷದ್ದನ್ನು ಒರೆಸುವ ಪದ್ಧತಿ ಮನೆಯಲ್ಲಿರಲಿಲ್ಲವಾದ್ದರಿಂದ ಎಂಜಿನ್ ವರ್ಷವರ್ಷಕ್ಕೂ ದಪ್ಪವಾಗುತ್ತ ಬಂದಿತ್ತು.

ಈ ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮ ಮನೆಗೆ ಬಂದವರು ಚೀಲದಲ್ಲಿ ಅದನ್ನೂ ತಂದಿದ್ದರು. ಶಸ್ತ್ರಚಿಕಿತ್ಸೆ ಮುಗಿದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಾಗ ನನ್ನನ್ನು ಕರೆದರು. “ಅಳಿಯಾರ, ನೀವು ಓದಿದವ್ರು. ಐತ್ವಾರ ಬಸಣ್ಣ ನನ್ನ ನೋಡಾಕ ಬರತಾನ. ಅಷ್ಟರಾಗ ಇದು ಯಾವ್ದು, ಎಲ್ಲೀದು ಅಂತ ಹುಡುಕಿ ಕೊಡ್ರಿ. ನಾ ಹೇಳಿದ್ರ ನಗತಾನ, ನೀವು ಹೇಳಿದ್ರ ಕೇಳತಾನ. ಸುಳ್ಳುಗಾರ ಅನ್ನಿಸ್ಕೊಂಡ ಸಾಯಬಾರ್ದು ನೋಡ್ರಿ.” ನಗುತ್ತಲೇ ಹೇಳಿದರು. ಆದರೆ ಎಂಜಿನ್ ಹಿಡಿದ ಕೈ ನಗುತ್ತಿರಲಿಲ್ಲ.

ನನ್ನ ಎಂಜಿನ್ ಜ್ಞಾನ ಬೈಕಿನ ಕಿಕ್ ಹೊಡೆಯುವಲ್ಲಿಗೆ ಮುಗಿಯುತ್ತದೆ. ಇಷ್ಟು ಚಿಕ್ಕದೆಂದ ಮೇಲೆ ಟೂ-ಸ್ಟ್ರೋಕೇ ಇರಬೇಕೆಂದು ಪರಿಶೀಲನೆಗೆ ಮುನ್ನವೇ ತೀರ್ಮಾನಿಸಿದೆ. ಹೆಸರು ಓದಲು ಬೈಕಿನಿಂದ ಸ್ವಲ್ಪ ಪೆಟ್ರೋಲ್ ತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಕುಂಕುಮ ಹೋಯಿತು, ಬ್ರಷ್ ಹೋಯಿತು, ಅದು ಶೈಲಾಳದೆಂದು ತಿಳಿದ ಮೇಲೆ ಮನೆಯ ಶಾಂತಿಯೂ ಹೋಯಿತು. ಅಕ್ಷರಗಳು ಮಾತ್ರ ಕಾಣಲಿಲ್ಲ. ಬೂದು ಲೋಹದ ಮೇಲೆ ಸವೆದ ಬೂದು ಗೆರೆಗಳು, ಭೂತಗನ್ನಡಿಯೂ ಕೈಚೆಲ್ಲಿತು.

“ಸರೀರಿ ಅತ್ಲಾಗ” ಎಂದು ಶೈಲಾ ದೇವರ ಜಗುಲಿಯಿಂದ ವಿಭೂತಿ ಗಟ್ಟಿ ತಂದಳು. “ಇಷ್ಟ ವರ್ಷ ಹಚ್ಚಿದ್ದನ್ನ ಒಮ್ಮಿಗೇ ತಗದ್ರ ಅದಕ್ಕೂ ಬ್ಯಾಸರ ಆಗೂದಿಲ್ಲೇನು?” ಎನ್ನುತ್ತ ಪಕ್ಕೆಯ ಮೇಲೆ ತಿಕ್ಕಿ, ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಮೇಲಿನ ಪುಡಿ ಹೋಗಿ ಗೆರೆಗಳಲ್ಲಿ ಮಾತ್ರ ವಿಭೂತಿ ಉಳಿಯಿತು. ಜಪಾನಿನ ಒಂದು ಕಂಪನಿಯ ಹೆಸರು, ಪಕ್ಕದಲ್ಲೊಂದು ಸಂಖ್ಯೆ, ಕಪ್ಪು ಹಲಗೆಯ ಮೇಲೆ ಬರೆದಂತೆ ಬೆಳ್ಳಗೆ ಎದ್ದವು.

ಆ ಹೆಸರಿನ ಜಾಡು ಹಿಡಿದು ಮೊಬೈಲಿನಲ್ಲಿ ಹಳೆಯ ಎಂಜಿನ್ ಪ್ರಿಯರ ಕೂಟವೊಂದನ್ನು ಹುಡುಕಿ, ಚಿತ್ರಸಹಿತ ಮನವಿ ಸಲ್ಲಿಸಿದೆ. ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಎಂದು ಮುಗಿಸಿದ್ದೆ. ಯಾವುದೋ ದೇಶದ ಹಿರಿಯರೊಬ್ಬರು ಮರುದಿನವೇ ಕ್ರಮ ಕೈಗೊಂಡರು! ಇದು ನೆಲದ ಮೇಲೆ ನಿಂತು ರೇಡಿಯೋ ಡಬ್ಬಿಯಿಂದ ಹಾರಿಸುವ ಪುಟ್ಟ ಮಾದರಿ ವಿಮಾನದ ಎಂಜಿನ್. ಟೂ-ಸ್ಟ್ರೋಕ್ ಅಲ್ಲ, ಫೋರ್-ಸ್ಟ್ರೋಕ್. ನೆತ್ತಿಯ ಮೇಲೆ ಮಿಡತೆಯ ಮೊಣಕಾಲಿನಂತೆ ಕಾಣುವ ಎರಡು ಸನ್ನೆಗೋಲುಗಳು ಕವಾಟಗಳನ್ನು ತೆರೆಯುತ್ತವೆ. ಅವು ಹೀಗೆ ಬಯಲಿಗೇ ಇರುವುದರಿಂದ ಇದು ಬಲು ಹಳೆಯ ಪೀಳಿಗೆಯದು ಎಂದು ಬರೆದಿದ್ದರು. ಪಂಖ ಸಿಕ್ಕಿಸುವ ಮುಂದಿನ ದಂಡ ತಿರುಗುತ್ತಿಲ್ಲವೆಂದು ನಾನು ಬರೆದಿದ್ದಕ್ಕೂ ಕಾರಣ ಕೊಟ್ಟಿದ್ದರು. ಇಂಧನಕ್ಕೆ ಬೆರೆಸಿದ್ದ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಒಳಗೆ ಅಂಟಾಗಿದೆ. ಪೆಟ್ರೋಲಿಗೆ ಅದು ಜಗ್ಗದು. ಬಲ ಪ್ರಯೋಗಿಸದೆ ಹಿತವಾಗಿ ಬಿಸಿ ಮಾಡಿ.

“ಔಡಲೆಣ್ಣಿನ?” ಎಂದಳು ಶೈಲಾ. “ಇದಕ್ಕೂ ಹೊಟ್ಟಿ ಕಟ್ಟಿತ್ತೇನ್ರಿ?” ಮಾವನವರು ಕಣ್ಣಿನ ಪಟ್ಟಿ ಒತ್ತಿ ಹಿಡಿದುಕೊಂಡು ನಕ್ಕರು.

ಹಿತವಾದ ಬಿಸಿಗೆ ನಮ್ಮೂರಿನ ಏಪ್ರಿಲ್ ಬಿಸಿಲಿಗಿಂತ ಬೇರೆ ಸಾಧನ ಬೇಕೆ? ಮಾಳಿಗೆಯ ಮೇಲೆ ಶೈಲಾ ಒಣಹಾಕಿದ್ದ ಸಂಡಿಗೆಗಳ ನಡುವೆ ಎಂಜಿನ್ನಿಗೂ ಜಾಗ ಮಂಜೂರಾಯಿತು. ಕಪ್ಪು ಕನ್ನಡಕದ ಮಾವನವರು ಮೆಟ್ಟಿಲ ನೆರಳಿನಲ್ಲಿ ಕೋಲು ಹಿಡಿದು ಕಾಗೆ ಕಾದರು. ಸಂಜೆಗೆ ದಂಡ ಒಮ್ಮೆ ಮುನಿಸಿಕೊಂಡು, ಆಮೇಲೆ ಜೇನಿನಲ್ಲಿ ತಿರುಗಿದಂತೆ ತಿರುಗಿತು. ಎರಡು ಸನ್ನೆಗೋಲುಗಳೂ ಸರದಿಯಂತೆ ತಲೆಯಾಡಿಸಿದವು.

ಭಾನುವಾರ ಬಸಣ್ಣನವರು ಬಂದರು. ನಾನು ಒಳಕ್ಕೆಳೆಯುವುದು, ಒತ್ತುವುದು, ಉರಿಯುವುದು, ಹೊರಹಾಕುವುದು ಎಂಬ ನಾಲ್ಕು ಹಂತಗಳನ್ನು ವರದಿ ಓದುವಂತೆ ವಿವರಿಸಿದೆ. ಅವರು ಎಂಜಿನ್ನನ್ನು ಅಂಗೈಯಲ್ಲಿ ತೂಗಿ, “ಅಲ್ಲೋ ಮಾರಾಯಾ, ಇಷ್ಟರಾಗ ನೀ ಎಲ್ಲಿ ಕುಂತಿದ್ದಿ?” ಎಂದರು.

“ಒಳಗ ಕುಂತಿದ್ದೆ ಅಂತ ಯಾವಾಗ ಹೇಳೇನೋ? ನೀವು ಕೇಳಲೇ ಇಲ್ಲ, ನಗಾಕ ಹತ್ತಿದ್ರಿ” ಎಂದರು ಮಾವನವರು. “ಇದು ನಮ್ಮ ಸಾಹೇಬ್ರ ಹವ್ಯಾಸ. ಎಂಜಿನ್ ಚಾಲೂ ಮಾಡಿದಾಗ ವಿಮಾನದ ಬಾಲ ಹಿಡದ ನಿಂದ್ರೂದು ನನ್ನ ಕೆಲಸ. ಒಂದಿನ ಡಬ್ಬಿ ನನ್ನ ಕೈಯಾಗ ಕೊಟ್ರು. ಒಂದ ಸುತ್ತು ಹಾರಿಸಿದೆ. ಸೀದಾ ಬೇವಿನ ಗಿಡದಾಗ ಇಳಿಸಿದೆ! ವಿಮಾನ ಮುರೀತು, ಎಂಜಿನ್ ಉಳೀತು. ಸಾಹೇಬ್ರು ನಕ್ಕು, ‘ಇಟ್ಕೋ ಪೈಲಟ್’ ಅಂದ್ರು.”

ಬಸಣ್ಣನವರು ದಂಡವನ್ನು ಮೆಲ್ಲಗೆ ತಿರುಗಿಸಿ, ಕಿವಿಗೆ ಹಿಡಿದು, “ಖರೇನ ಉಸರಾಡತೈತಲೋ ಇದು” ಎಂದರು. ಊಟಕ್ಕೆ ಕುಳಿತಾಗ ತಾವೇ ಬುಟ್ಟಿ ಎಳೆದುಕೊಂಡು ಬಡಿಸಿದರು: “ಪೈಲಟ್ ಸಾಹೇಬ್ರ, ಇನ್ನೊಂದು ರೊಟ್ಟಿ ತಗೋರಿ.” ಅದೇ ಹೆಸರು, ಆದರೆ ಈ ಸಲ ಯಾರೂ ನಗಲಿಲ್ಲ. ಮಾವನವರು ರೊಟ್ಟಿ ತೆಗೆದುಕೊಂಡರು.

ಆದಕಾರಣ, ಕಾಣದ ದೇಶದ ಆ ಹಿರಿಯರಿಗೆ, ಶೈಲಾಳ ವಿಭೂತಿಗೆ, ನಮ್ಮೂರ ಬಿಸಿಲಿಗೆ ನಾನು ಋಣಿ. ಸದರಿ ಕಾರ್ಯದಲ್ಲಿ ನನ್ನ ಪಾಲೆಂದರೆ ಹಾಳಾದ ಒಂದು ಬ್ರಷ್ ಮಾತ್ರ. ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಡಬೇಕಾಗಿ ವಿನಂತಿ. ಆದರೆ ನನ್ನ ಹಾಗೆ ತಿಕ್ಕಬೇಡಿ. ಶೈಲಾಳ ಹಾಗೆ ಮೆಲ್ಲಗೆ ಒರೆಸಿ ನೋಡಿ. ಅಡಿಯಲ್ಲಿ ಏನಾದರೂ ಬರೆದಿದ್ದರೆ ನನಗೂ ತಿಳಿಸಿ.