ಸಿಟ್ಟಿಗೇಳುವ ಹಕ್ಕು

ಸಿಟ್ಟು ಬಂದಾಗ ಸಿಟ್ಟಿಗೇಳಲಾಗದವರ ಕಷ್ಟ ನನ್ನ ವೈರಿಗೂ ಬೇಡ. ನಾನು ಕಲಬುರಗಿಯವಳು, ಹೈದರಾಬಾದಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಮಾನಸಿಕ ರೋಗಿಗಳನ್ನು ನೋಡಿಕೊಳ್ಳುವುದು ಹೇಗೆಂದು ಕಲಿಸುತ್ತೇನೆ. ನಾನು ಸ್ವಲ್ಪ ದನಿ ಏರಿಸಿದರೆ ಸಾಕು, ‘ಪಾಪ, ಅಂಥವರ ನಡುವೆ ಇದ್ದೂ ಇದ್ದೂ ಹೀಗಾಗಿದ್ದಾಳೆ’ ಎನ್ನುತ್ತಾರೆ. ಜೋರಾಗಿ ನಕ್ಕರಂತೂ ಮುಗಿದೇ ಹೋಯಿತು. ನನ್ನ ತಂಗಿ ಬ್ಯಾಂಕಿನಲ್ಲಿದ್ದಾಳೆ. ಅವಳು ಗಂಡನ ಮೇಲೆ ತಾಟು ಎಸೆದರೂ ಬ್ಯಾಂಕಿನವಳೇ. ನನ್ನ ಕೈಯಿಂದ ತಾಟು ಜಾರಿದರೆ ಗಂಡ ನನ್ನ ಮುಖ ನೋಡುತ್ತಾನೆ.

ಕಾಚಿಗೂಡದ ನಮ್ಮ ಮನೆಯ ಮಾಲಕಿ ಶಾಂತಾಬಾಯಿ, ಬೀದರ ಕಡೆಯವರು. ನಾವು ಬಾಡಿಗೆಗೆ ಬಂದಾಗ ಊರಿಗೆಲ್ಲ ಸಾಫ್ಟ್‌ವೇರ್ ಸುಗ್ಗಿ; ಕೊರಳಲ್ಲಿ ಗುರುತಿನ ಚೀಟಿ ತೂಗಾಡುವ ಹುಡುಗರನ್ನು ಮಾಲಕರು ಅಳಿಯಂದಿರ ಹಾಗೆ ಕರೆದು ಕೂರಿಸುತ್ತಿದ್ದರು. ಚೀಟಿ ನನ್ನ ಕೊರಳಲ್ಲೂ ಇತ್ತು. ಅದನ್ನು ಓದಿದ ದಿನ ಶಾಂತಾಬಾಯಿ, ಓಣಿಯಲ್ಲಿ ಯಾರಾದರೂ ಕೇಳಿದರೆ ಕಂಪ್ಯೂಟರ್ ಕೆಲಸ ಎಂದುಬಿಡಿ ಅಂದರು. ನಾನ್ಯಾಕೆ ಅನ್ನಲಿ? ಕೇಳದಿದ್ದ ತರಕಾರಿಯವನಿಗೂ ನನ್ನ ಕೆಲಸ ಏನೆಂದು ಹೇಳಿ ಬಂದೆ. ಸರಿ, ಮನೆ ಖಾಲಿ ಮಾಡಿ ಎನ್ನಲು ಅವರು ಮೆಟ್ಟಿಲೇರಿ ಬಂದೇಬಿಟ್ಟರು. ಮಗಳ ಶಾಲೆ ಪಕ್ಕದಲ್ಲೇ ಇತ್ತು, ಇನ್ನೊಂದು ಮನೆ ಹುಡುಕಿದರೆ ಅಲ್ಲೂ ಇದೇ ರಾಮಾಯಣ.

ಎದುರಿನವರು ರೇಗಿದಾಗ ಹೇಗಿರಬೇಕೆಂದು ನಾನು ಹುಡುಗಿಯರಿಗೆ ಪಾಠ ಮಾಡುತ್ತೇನೆ. ದನಿ ತಗ್ಗಿಸಬೇಕು, ಬಾಗಿಲಿಗೆ ಅಡ್ಡ ನಿಲ್ಲಬಾರದು, ಅವರ ಮನಸ್ಸಿನಲ್ಲಿದ್ದದ್ದನ್ನು ಅವರಿಗೇ ತಿರುಗಿ ಹೇಳಬೇಕು. ಹಾಳು ಅಭ್ಯಾಸ, ಅವತ್ತೂ ತಾನಾಗಿಯೇ ಬಂತು. ಪಕ್ಕಕ್ಕೆ ಸರಿದು, ಮೆಲ್ಲಗೆ, “ನಿಮಗ ಭಾಳ ಸಿಟ್ಟು ಬಂದಂಗ ಕಾಣಾಕತ್ತೈತಿ” ಎಂದೆ.

ಶಾಂತಾಬಾಯಿಯವರ ಮುಖ ಕೆಂಪಾಯಿತು. “ನನ್ನ ಹುಚ್ಚಿ ಅಂತ ತಿಳ್ಕೊಂಡೀರೇನು? ಪೇಷಂಟ್ ಜೋಡಿ ಮಾತಾಡಿದಂಗ ಮಾತಾಡಾಕತ್ತೀರಿ.”

ಅಷ್ಟೇ, ನನ್ನ ವಿದ್ಯೆಯೆಲ್ಲ ಗಂಟುಮೂಟೆ ಕಟ್ಟಿತು. ಇಡೀ ಓಣಿಗೆ ಕೇಳುವ ಹಾಗೆ ಒದರಿದೆ: “ಪೇಷಂಟ್ ಇದ್ದಿದ್ರ ನಿಮಗಿಂತ ಛಲೋ ಕೇಳ್ತಿದ್ರು. ಅವರೂ ಮನಷ್ಯಾರ, ನಾನೂ ಮನಷ್ಯಾಳ. ಸುಳ್ಳು ಹೇಳಂಗಿಲ್ಲ, ಮನೀನೂ ಬಿಡಂಗಿಲ್ಲ. ಏನ್ ಮಾಡ್ಕೋತೀರಿ ಮಾಡ್ಕೋರಿ.”

ಶಾಂತಾಬಾಯಿ ನಿಟ್ಟುಸಿರು ಬಿಟ್ಟು ಕುರ್ಚಿಯ ಮೇಲೆ ಕೂತರು. ಈ ಮನೆಗೆ ಬಂದಾಗಿನಿಂದ ನಾನು ಮೆಲ್ಲಗೇ ಮಾತಾಡುವುದನ್ನು ಕಂಡು, ಇವಳು ಯಾವಾಗ ಏನು ಮಾಡಿಯಾಳೋ ಎಂದು ಅವರಿಗೆ ಒಳಗೊಳಗೇ ಹೆದರಿಕೆ ಇತ್ತಂತೆ. “ಈಗ ಸಮಾಧಾನ ಆತ್ ನೋಡ್ರಿ,” ಎಂದರು. “ಇರ್ರಿ ನೀವು. ಚಾ ಇಡ್ರಿ.”

ಇಟ್ಟೆ. ಈಗ ಓಣಿಯವರು ವಿಚಾರಿಸಿದರೆ ಅವರೇ ಹೇಳುತ್ತಾರಂತೆ: ಹುಚ್ಚರ ದವಾಖಾನಿ ನರ್ಸಬಾಯಿ ಹೌದು, ಆದ್ರ ಜಗಳಕ್ಕ ನಿಂತ್ರ ಥೇಟ್ ನಮ್ಮಂಗ. ಇಷ್ಟು ದೊಡ್ಡ ಸರ್ಟಿಫಿಕೇಟು ನನಗೆ ಯಾವ ಕಾಲೇಜೂ ಕೊಟ್ಟಿಲ್ಲ. ಕಟ್ಟು ಹಾಕಿಸಿ ತೂಗುಹಾಕೋಣವೆಂದರೆ, ಗೋಡೆಗೆ ಮೊಳೆ ಹೊಡೆಯಲು ಶಾಂತಾಬಾಯಿ ಬಿಡುವುದಿಲ್ಲ.