ಮಂಚಿಕೆಯ ಮೇಲೊಂದು ಜೊಂಪು

ಆ ಚಳಿಗಾಲದಲ್ಲಿ ಗೊಲ್ಲಾಳಪ್ಪನ ನಿದ್ದೆ ಕೆಡಿಸಿದ್ದು ಇನ್ನೂ ಹುಟ್ಟದೇ ಇದ್ದ ಒಂದು ಹಲ್ಲು. ಎಂಟು ತಿಂಗಳ ಮಗ ಸೋಮನಿಂಗನ ಕೆಳವಸಡಿನೊಳಗೆ ಅದು ಜೋಳದ ಮೊಳಕೆಯ ಹಾಗೆ ಮಿಸುಕಾಡುತ್ತಿತ್ತು. ಮಿಸುಕಾಡಿದಾಗಲೆಲ್ಲ ಕೂಸು ಬಾಯಿ ತೆರೆಯುತ್ತಿತ್ತು. ತೆರೆದರೆ ಜತ್ತ ಊರಿಗೆ ಹೋಗುವ ಮೋಟರಿನ ಹಾರನ್ನೂ ನಾಚಬೇಕು. ಮನೆಗೆಲ್ಲ ಒಂದೇ ಕಂಬಳಿ. ದೊಡ್ಡ ಮಕ್ಕಳಿಬ್ಬರು ಅದನ್ನು ಆ ಕಡೆಗೊಬ್ಬ ಈ ಕಡೆಗೊಬ್ಬ ಜಗ್ಗುತ್ತಿದ್ದರು, ನಡುವೆ ಕೂಸು ಕೂಗುತ್ತಿತ್ತು, ಗೊಲ್ಲಾಳಪ್ಪನ ಪಾಲಿಗೆ ಬರೀ ಚಳಿ ಉಳಿಯುತ್ತಿತ್ತು.

ಹೀಗೆ ಎಂಟು ದಿನ. ಅವನೀಗ ಕಣ್ಣು ತೆರೆದುಕೊಂಡೇ ಕನಸು ಕಾಣತೊಡಗಿದ್ದ. ಹಿಂದಿನ ದಿನ ನೀರು ಕುಡಿಸಲು ಬಿಚ್ಚಿದ ಎತ್ತಿನ ಕೊರಳಿಗೆ ಒರಗಿ ನಿಂತವನು ಹಾಗೇ ತೂಕಡಿಸಿಬಿಟ್ಟಿದ್ದ. ಎತ್ತು ಪಾಪ, ನೀರು ಎದುರಿಗಿದ್ದರೂ ಅಲುಗಾಡದೆ ನಿಂತಿತ್ತು.

ಅವನಿಗೆ ಬೇಕಾದದ್ದು ಒಂದು ತಾಸಿನ ನಿದ್ದೆ, ಅಷ್ಟೇ. ಅದಕ್ಕೊಂದು ಜಾಗವನ್ನೂ ಮನಸ್ಸಿನಲ್ಲಿ ಹಾಕಿಕೊಂಡಿದ್ದ. ಸೊರಡಿ ಊರಿನ ದಾರಿಗಿರುವ ಅವನ ಹೊಲದಲ್ಲಿ ಜೋಳ ಹಾಲುಗಾಳಾಗಿತ್ತು. ಹಕ್ಕಿ ಕಾಯಲೆಂದು ನಾಲ್ಕು ಕಂಬ ನೆಟ್ಟು, ಮೇಲೆ ದಂಟು ಹಾಸಿ ಮಂಚಿಕೆ ಕಟ್ಟಿದ್ದ. ಗಿಳಿಗಳೇನೋ ಕವಣೆಯ ಕಲ್ಲಿಗೆ ಹೆದರುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಈ ತೆನೆಯಿಂದ ಹಾರಿ ಆ ತೆನೆಗೆ ಕೂಡುತ್ತಿದ್ದವು. ಆದರೂ ಕಾಯುವ ನೆಪವೊಂದು ಇತ್ತಲ್ಲ. ಮೇಲೆ ಎಳೆಬಿಸಿಲು, ಕೆಳಗೆ ಮೆತ್ತನೆಯ ದಂಟು.

"ಗೌರೀ, ಹಕ್ಕಿ ಕಾಯಾಕ ಹೊಂಟೀನಿ," ಎಂದು ಕವಣೆಯನ್ನು ಹೆಗಲಿಗೆ ಹಾಕಿದ.

ಗೌರವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆಯೆತ್ತಿದಳು. ಅವಳೂ ಎಂಟು ದಿನ ಮಲಗಿರಲಿಲ್ಲ. ಗಂಡನ ಮುಖದ ಮೇಲಿನ ಆಸೆ ಅವಳಿಗೆ ತಕ್ಷಣ ಗೊತ್ತಾಯಿತು.

"ಹೊಂಟೀರಿ ಅಂದ್ರ ಇದನ್ನೂ ಕರಕೊಂಡು ಹೋಗ್ರಿ."

"ಕೂಸನ್ನ? ಹೊಲಕ್ಕ?"

"ಹಾಲು ಕುಡಿಸೀನಿ. ಮಧ್ಯಾಹ್ನಕ್ಕ ಬುತ್ತಿ ತಗೊಂಡು ಬರ್ತೀನಿ. ಮಂಚಿಕಿ ಕೆಳಗ ಜೋಳಿಗಿ ಕಟ್ರಿ, ಗಾಳಿ ತೂಗತೈತಿ. ನಾನೂ ಒಂದೀಟ ಕಣ್ಣು ಮುಚ್ಚತೀನಿ."

ಅವನು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೊರಟ.

ಹೊಲದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ತೆನೆಗಳೆಲ್ಲ ತಲೆದೂಗುತ್ತ, ಹೊಲಕ್ಕೆ ಹೊಲವೇ ನಿದ್ದೆಯಲ್ಲಿ ಉಸಿರಾಡುತ್ತಿದ್ದಂತೆ ಕಾಣುತ್ತಿತ್ತು. ಗೊಲ್ಲಾಳಪ್ಪ ಹಳೆಯ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿ ಮೇಲೆ ಹತ್ತಿದ. ಅಂಗಾತ ಬಿದ್ದ. ಆಕಾಶ ನಿಧಾನಕ್ಕೆ ಕೆಳಗಿಳಿದು ರೆಪ್ಪೆಯ ಮೇಲೆ ಕೂಡಬೇಕು, ಅಷ್ಟರಲ್ಲಿ ಕೂಸು ಬಾಯಿ ತೆರೆಯಿತು.

ಮೊದಲು ಬಂದವಳು ಮೂಡಣ ಹೊಲದ ಮುದುಕಿ ಸಿದ್ದವ್ವ. "ಅಯ್ಯ ತಮ್ಮಾ, ಕೂಸಿಗೆ ದೃಷ್ಟಿ ತಾಗೇತಿ. ಇಷ್ಟೊತ್ತು ಹಂಗ ಬಿಟ್ಟಿಯೇನು?" ಎನ್ನುತ್ತ ಅವನ ಹೊಲದ ಎಲ್ಲಕ್ಕಿಂತ ದಪ್ಪ ತೆನೆಯನ್ನೇ ಹುಡುಕಿ ಮುರಿದು, ಕೂಸಿನ ಸುತ್ತ ಮೂರು ಸಲ ನಿವಾಳಿಸಿ ದೂರ ಎಸೆದಳು. ಎಸೆದದ್ದು ಬಿದ್ದದ್ದು ಅವಳ ಬುಟ್ಟಿಯ ಹತ್ತಿರವೇ. ಕೂಸು ಅವಳ ಮೂಗುತಿ ನೋಡಿ ಇನ್ನೂ ಜೋರಾಗಿ ಅತ್ತಿತು.

ಆಮೇಲೆ ಪಡುವಣ ಹೊಲದ ಗುರಪ್ಪ ಬಂದ. "ದೃಷ್ಟಿ ಅಲ್ಲ ಏನಲ್ಲ, ಹೊಟ್ಟಿ ಉಬ್ಬೇತಿ," ಎಂದು ಎಲೆಅಡಿಕೆಯ ಚಂಚಿಯಿಂದ ಓಮದ ಕಾಳು, ಅಜವಾನ ತೆಗೆದು ಅಗಿದು ಕೂಸಿನ ಹೊಕ್ಕುಳಿಗೆ ಉಫ್ ಎಂದು ಊದಿದ. ಅಜವಾನಕ್ಕಿಂತ ತಂಬಾಕಿನ ಗಾಳಿಯೇ ಮುಂದಾಗಿ ಬಂತು. ಕೂಸಿಗೆ ಸೀನು ಬಂತು. ಸೀನು ಮುಗಿದ ಮೇಲೆ ಹೊಸ ಹುರುಪಿನಿಂದ ಅಳು ಶುರುವಾಯಿತು.

"ಮಾವಾ, ನಿಮ್ಮ ಹೊಲ ಕಾಯ್ರಿ ಹೋಗ್ರಿ," ಎಂದ ಗೊಲ್ಲಾಳಪ್ಪ.

"ಏನ್ ಕಾಯೂದೋ ಮಾರಾಯ? ಈ ಕೂಗಿಗೆ ನನ್ನ ಕಿವಿನ ಮುಚ್ಚ್ಯಾವ. ಮೊದಲ ಇದನ್ನ ಸುಮ್ಮ ಮಾಡು."

ಅಷ್ಟರಲ್ಲಿ ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದ ಅಮೋಗಸಿದ್ದ ಮೂರು ದಿನದ ಮರಿಯೊಂದನ್ನು ಬಗಲಲ್ಲಿ ಇಟ್ಟುಕೊಂಡು ಬಂದ. "ಕೂಸಿಗೆ ಥಂಡಿ ಹತ್ತೇತಿ ಅಣ್ಣಾ. ಈ ಮರೀನ ಮಗ್ಗಲಕ್ಕ ಇಡು, ಬೆಚ್ಚಗ ಆಗತೈತಿ. ನಮ್ಮ ಮಕ್ಕಳೆಲ್ಲ ಹಿಂಗ ಬೆಳದಾವ."

ಮರಿಯನ್ನು ಜೋಳಿಗೆಗೆ ಹಾಕಿದರು. ಈಗ ಇಬ್ಬರು ಅಳತೊಡಗಿದರು. ಮರಿಯ ದನಿ ಕೇಳಿ ಅದರ ತಾಯಿ ಓಡಿ ಬಂತು. ತಾಯಿ ಬಂದ ದಾರಿಯಲ್ಲೇ ನಲವತ್ತು ಕುರಿಗಳೂ ಜೋಳದೊಳಗೆ ನುಗ್ಗಿದವು, ಬೀಗರ ಮನೆಯ ಊಟಕ್ಕೆ ಕರೆದವರಂತೆ.

"ಹೊಡಿ! ಹೊಡಿ! ಆ ಕಡಿಂದ ಬಾರೋ!"

ಸಿದ್ದವ್ವ ಸೆರಗು ಬೀಸಿದಳು, ಗುರಪ್ಪ ದೋತರ ಎತ್ತಿಕಟ್ಟಿ ಓಡಿದ, ಗೊಲ್ಲಾಳಪ್ಪ ಎರಡು ಸಲ ಬಿದ್ದ. ಎರಡನೆಯ ಸಲ ಬಿದ್ದಲ್ಲಿ ಮಣ್ಣು ಎಷ್ಟು ಹಿತವಾಗಿತ್ತೆಂದರೆ ಏಳಲು ಅವನಿಗೆ ಮನಸ್ಸೇ ಬರಲಿಲ್ಲ. ಅಂತೂ ಕುರಿಗಳನ್ನು ಹೊರಗೆ ದಬ್ಬಿ, ಮರಿಯನ್ನು ತಾಯಿಗೆ ಒಪ್ಪಿಸಿ, ಏದುಸಿರು ಬಿಡುತ್ತ ಮಂಚಿಕೆಗೆ ಬಂದು ನೋಡಿದರೆ, ಯಾರೂ ಮುಟ್ಟದೆ ಬಿಟ್ಟಿದ್ದ ಕೂಸು ತನ್ನಷ್ಟಕ್ಕೆ ತಾನು ನಿದ್ದೆ ಹೋಗಿತ್ತು.

"ನಾ ದೃಷ್ಟಿ ತೆಗೆದದ್ದು ಈಗ ಹತ್ತಿತು ನೋಡು," ಎಂದಳು ಸಿದ್ದವ್ವ.

"ಅಜವಾನ," ಎಂದ ಗುರಪ್ಪ.

ಗೊಲ್ಲಾಳಪ್ಪ ಇಬ್ಬರಿಗೂ ಕೈಮುಗಿದು ಮೇಲೆ ಹತ್ತಿದ. ಅವರೂ ದಣಿದು ಅವನ ಬದುವಿನ ಬೇವಿನ ನೆರಳಲ್ಲಿ ಕಾಲು ಚಾಚಿದರು.

ನಿದ್ದೆ ಬಂತು, ಕೆರೆಗೆ ನೀರು ಬಂದಂತೆ. ಕನಸಿನಲ್ಲಿ ಅವನು ಆಕಾಶದಷ್ಟು ಅಗಲದ ಕಂಬಳಿ ಹೊದ್ದಿದ್ದ. ಅದನ್ನು ಜಗ್ಗುವವರು ಯಾರೂ ಇರಲಿಲ್ಲ. ಮಂಚಿಕೆ ಕಂಬ ಕಿತ್ತುಕೊಂಡು ದೋಣಿಯ ಹಾಗೆ ತೇಲುತ್ತಿತ್ತು. ಕೆಳಗೆ ವಳಸಂಗ, ಡಫಳಾಪುರದ ಹೊಲಗಳೆಲ್ಲ ಹಳದಿ ಹಸಿರಾಗಿ ಸರಿದುಹೋಗುತ್ತಿದ್ದವು. ಎಲ್ಲೋ ದೂರದಲ್ಲಿ ಮಕ್ಕಳು ಕಿಲಕಿಲ ನಗುತ್ತಿದ್ದರು. ಆ ನಗು ಬರಬರುತ್ತ ಒರಟಾಗಿ, ಕಿರುಚಾಟವಾಗಿ...

"ಗೊಲ್ಲಾಳ್ಯಾ! ಏಳೋ! ಕೂಸನ್ನ ಎಬ್ಬಸೋ!"

ಕಣ್ಣುಬಿಟ್ಟ. ಗುರಪ್ಪ ಮಂಚಿಕೆಯ ಕಂಬ ಹಿಡಿದು ಅಲ್ಲಾಡಿಸುತ್ತಿದ್ದ. ಮೂರೂ ಹೊಲಗಳ ಮೇಲೆ ಗಿಳಿಗಳು ಹಸಿರು ಚಾದರ ಹಾಸಿದಂತೆ ಇಳಿದಿದ್ದವು. ಕಲ್ಲು ಬೀಸಿದರೆ ಒಂದು ಮೊಳ ಏಳುತ್ತಿದ್ದವು, ಮತ್ತೆ ಕೂಡುತ್ತಿದ್ದವು.

"ಮುಂಜಾನಿಂದ ಒಂದ ಗಿಳಿ ಇಳದಿದ್ದಿಲ್ಲ," ಎಂದು ಸಿದ್ದವ್ವ ಬಾಯಿ ಬಡಿದುಕೊಂಡಳು. "ಕೂಸು ಅಳೂತನಕ ಅಂಜಿ ದೂರ ಇದ್ದೂ. ಸುಮ್ಮಾದ ಕೂಡ್ಲೆ ಬಂದು ಬಿದ್ದಾವ. ಅಳಸೋ ತಮ್ಮಾ, ಲಗೂನ ಅಳಸು!"

ಕೂಸನ್ನು ಎಬ್ಬಿಸಿದರು. ನಿದ್ದೆಯಾದ ಕೂಸು ಎಲ್ಲರ ಮುಖ ನೋಡಿ ನಕ್ಕಿತು. ಸಿದ್ದವ್ವ ಕಣ್ಣು ಕೆಕ್ಕರಿಸಿದಳು, ಅದು ಕೇಕೆ ಹಾಕಿತು. ಗುರಪ್ಪ ಮತ್ತೆ ಉಫ್ ಎಂದು ಊದಿದ, ಅದು ಅವನ ಮೀಸೆ ಹಿಡಿದು ಜಗ್ಗಿತು.

"ಒಂದೀಟ ಚೂಟಿ ನೋಡ್ರಿ ದೊಡ್ಡವ್ವಾ," ಎಂದ ಗುರಪ್ಪ.

"ನೀ ಚೂಟು."

"ಅವರಪ್ಪ ಚೂಟಲಿ."

ಆ ನಗುವ ಕೆನ್ನೆಗೆ ಯಾರ ಕೈಯೂ ಏಳಲಿಲ್ಲ. ಗಿಳಿಗಳು ಮಾತ್ರ ಕಟಕಟ ತಿನ್ನುತ್ತಿದ್ದವು. ಗೊಲ್ಲಾಳಪ್ಪ ಒಮ್ಮೆ ಜೋಳದ ಕಡೆ, ಒಮ್ಮೆ ತನ್ನ ನಿದ್ದೆ ಹರಿದುಹೋದ ಮಂಚಿಕೆಯ ಕಡೆ ನೋಡಿದ. ಬೇರೆ ದಾರಿ ಕಾಣದೆ ತಾನೇ ಬಾಯಿ ತೆರೆದು, ಕೂಸಿನ ಹಾಗೆ "ಉವ್ವಾ" ಎಂದ. ಮೊದಲು ಅಣಕವಾಗಿಯೇ ಶುರುವಾಗಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಎಂಟು ದಿನ ಕಳೆದುಕೊಂಡ ನಿದ್ದೆಯೆಲ್ಲ ನೆನಪಾಗಿ ನಿಜವಾದ ಅಳುವೇ ಬಂದುಬಿಟ್ಟಿತು. ಎದೆಯ ತಳದಿಂದ, ಸೊರಡಿಯವರೆಗೆ ಕೇಳುವಂತೆ ಅತ್ತ.

ಗಿಳಿಗಳು ಒಮ್ಮೆಲೇ ಎದ್ದವು. ಹಸಿರು ಚಾದರವನ್ನು ಯಾರೋ ಝಾಡಿಸಿ ಎತ್ತಿದಂತೆ ಎದ್ದು, ಗುಡ್ಡದ ಆಚೆಗೆ ಹೋಗಿಬಿಟ್ಟವು.

"ಭಲೇ! ಇನ್ನೊಂದೀಟ ಎತ್ತರಸಿ ಅಳು!" ಎಂದ ಗುರಪ್ಪ.

ಅದೇ ಹೊತ್ತಿಗೆ ಬುತ್ತಿ ಹೊತ್ತು ಬಂದ ಗೌರವ್ವ ಗಂಡ ಗೋಳಾಡುವುದನ್ನು ಕಂಡು ಬುತ್ತಿ ಬಿಸಾಕಿ ಓಡಿ ಬಂದಳು. "ಶಿವನೇ! ಕೂಸಿಗೆ ಏನಾತ್ರಿ?"

"ಏನಾಗಿಲ್ಲ ಸುಮ್ಮನಿರವ್ವ," ಎಂದಳು ಸಿದ್ದವ್ವ, "ನಿನ್ನ ಗಂಡ ಹಕ್ಕಿ ಕಾಯಾಕತ್ತಾನ."

ಗೌರವ್ವ ಜೋಳಿಗೆ ಇಣುಕಿದಳು. ಅಪ್ಪನ ಅಳು ಕೇಳುತ್ತ ಕೇಳುತ್ತ ಕೂಸು ಬೆರಳು ಚೀಪಿಕೊಂಡು ಮತ್ತೆ ಮಲಗಿತ್ತು.

ಆವತ್ತಿನಿಂದ ಸುಗ್ಗಿಯವರೆಗೆ ಗೊಲ್ಲಾಳಪ್ಪ ದಿನವೂ ಮಂಚಿಕೆ ಹತ್ತಿ ಅತ್ತ. ಹೊಲದ ಕೆಲಸಕ್ಕೆ ಬರುವ ತಾಯಂದಿರಿಗೆ ಅವನ ಅಳುವಿಗೆ ಕೂಸು ಮಲಗುವ ಸುದ್ದಿ ತಿಳಿದು, ಅವರೂ ಒಬ್ಬೊಬ್ಬರಾಗಿ ತಮ್ಮ ಕೂಸುಗಳ ಜೋಳಿಗೆಗಳನ್ನು ಅವನ ಬದುವಿನ ಬೇವಿಗೆ ತಂದು ಕಟ್ಟಿದರು. ಎಲ್ಲ ಕೂಸುಗಳೂ ಹಾಯಾಗಿ ಮಲಗುತ್ತಿದ್ದವು. ಎಚ್ಚರವಿದ್ದವನು ಅವನೊಬ್ಬನೇ. 'ಇರಲಿ, ಜೋಳ ಕೊಯ್ಯುವತನಕ ತಾನೆ,' ಎಂದು ಅವನು ದಿನ ಎಣಿಸಿದ.

ಶಿವರಾತ್ರಿ ಆಯಿತು. ಚಳಿ ಹೋಯಿತು, ಮುತ್ತಲ ಕೆಂಪಗೆ ಹೂ ಬಿಟ್ಟಿತು, ಜೋಳ ಕಣಕ್ಕೆ ಬಂತು. ಕೊನೆಯ ಚೀಲ ಮನೆಗೆ ಹೊತ್ತು ಹಾಕಿದ ಮಧ್ಯಾಹ್ನ ಗೊಲ್ಲಾಳಪ್ಪ ಪಡಸಾಲೆಯ ತಂಪು ನೆಲದ ಮೇಲೆ ಕೈಕಾಲು ಚಾಚಿ ಮಲಗಿದ. ಇನ್ನು ಹೊಲವಿಲ್ಲ, ಗಿಳಿಯಿಲ್ಲ, ಅಳುವಿಲ್ಲ. ಹೊಸ ಬೇವಿನ ಎಲೆಯ ಗಾಳಿ ಬಂದು ರೆಪ್ಪೆ ಸವರಿತು.

"ತಮ್ಮಾ, ಮಲಗಿಯೇನು?"

ಹೊಸ್ತಿಲಲ್ಲಿ ಸಿದ್ದವ್ವ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ ಅಮೋಗಸಿದ್ದನ ಹೆಂಡತಿ. ಅವಳ ಹಿಂದೆ ಇನ್ನೂ ನಾಲ್ವರು, ಒಬ್ಬೊಬ್ಬರ ಬಗಲಲ್ಲಿ ಒಂದೊಂದು ಕೂಸು. ಆರೂ ಕೂಸುಗಳು ಕಿರಿಕಿರಿ ಮಾಡುತ್ತಿದ್ದವು.

"ಹೊಲದಾಗ ರೂಢಿ ಆಗೇತಪಾ," ಎಂದಳು ಸಿದ್ದವ್ವ. "ಎಷ್ಟು ತೂಗಿದ್ರೂ ಮಲಗವಲ್ವು. ಒಂದೀಟ ಅತ್ತು ಕೊಡು."

ಗೊಲ್ಲಾಳಪ್ಪ ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದ. ಗೌರವ್ವ ಸೋಮನಿಂಗನನ್ನು ಮಗ್ಗುಲಿಗೆ ಹಾಕಿಕೊಂಡು ಆಗಲೇ ಕಣ್ಣು ಮುಚ್ಚಿದ್ದಳು.

"ಕುಂದ್ರಿ ದೊಡ್ಡವ್ವಾ," ಎಂದಳು ನಿದ್ದೆಗಣ್ಣಿನಲ್ಲೇ. "ನಮಗೂ ಇನ್ನಾ ಅಳಾಕ ಶುರು ಮಾಡಿಲ್ಲ ಅವರು."